ಫೂಲ್ಮತಿ ದೀದಿಯ ಉಪವಾಸದ ಮೂರನೇ ದಿನ

ಆವತ್ತು ಬೆಳಿಗ್ಗೆ ಏಳಕ್ಕೆ ವಾರ್ಡಿಗೆ ಹೋದವಳು ಮೊದಲು ರಾತ್ರಿ ಪಾಳಿಯವರಿಂದ ಇಪ್ಪತ್ತೆರಡು ಮಂಚಗಳ ವರದಿ ತಗೊಂಡೆ. ಗಾಜಿನ ಸಿರಿಂಜು, ಸೂಜಿಗಳನ್ನು ಕುದಿಯಲು ಇಟ್ಟೆ. ಜ್ವರದವರ ಟೆಂಪರೇಚರ್ ನೋಡಿ ಚಾರ್ಟಿನಲ್ಲಿ ಗೆರೆ ಎಳೆದೆ. ಸಕ್ಕರೆ ಕಾಯಿಲೆಯ ಇಬ್ಬರ ಮೂತ್ರವನ್ನು ನೀಲಿ ದ್ರಾವಣಕ್ಕೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ. ಒಬ್ಬರದು ಹಸಿರಿಗೆ ತಿರುಗಿತು, ಇನ್ನೊಬ್ಬರದು ಇಟ್ಟಿಗೆ ಬಣ್ಣಕ್ಕೆ. ನಾಲ್ಕನೇ ಮಂಚದವಳ ಹೊಲಿಗೆ ಬಿಚ್ಚಿದೆ. ಮಲಗಿದಲ್ಲೇ ಇರುವವರ ಬೆನ್ನು ಒರೆಸಿ ಪೌಡರ್ ಹಾಕಿದೆ. ಹರಿದ ಎರಡು ಚಾದರ ಹೊಲಿಯಲು ಬೇರೆ ಇಟ್ಟೆ. ಬೇಸಿಗೆಯ ಬಿಸಿಗಾಳಿ ಏಳುವ ಮೊದಲೇ ಕಿಟಕಿಯ ಲಾವಂಚದ ತಟ್ಟಿಗಳಿಗೆ ನೀರು ಹೊಡೆಸಿದೆ. ಆಯಾ ಫೂಲ್ಮತಿ ದೀದಿಗೆ ಅವಳ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನನ್ನ ಕೈಯಾರೆ ಕೊಟ್ಟು, ನುಂಗಿದಳೋ ಇಲ್ಲವೋ ನೋಡಿದೆ.

ಹತ್ತು ಗಂಟೆಯೊಳಗೆ ಇಷ್ಟು ಆಯಿತು. ಹತ್ತು ಗಂಟೆಯ ಮೇಲೆ ಏನಾಯಿತು ಎನ್ನುವುದನ್ನು ಬರೆಯಲು ಕೂತಿದ್ದೇನೆ.

ಈಗ ನರ್ಸಿಂಗ್ ಮುಗಿಸಿ ಬರುವ ಹುಡುಗಿಯರು, "ಆಂಟೀ, ನಿಮ್ಮ ಕಾಲದಾಗ ಮಷೀನ್ ಇರಲಿಲ್ಲ, ಹ್ಯಾಂಗ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಕಣ್ಣು, ಕೈ, ಮೂಗು ಇದ್ದವು ಅನ್ನುತ್ತೇನೆ. ಅವು ಇದ್ದೂ ನಾನು ಬಳಸದೆ ಇದ್ದ ಮುಕ್ಕಾಲು ಗಂಟೆಯ ವಿಷಯ ಹೇಳುವುದಿಲ್ಲ. ಈ ಸಲ ಅದನ್ನೇ ಹೇಳುತ್ತೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಅನ್ನುವುದರಿಂದ ನಿಮಗೇನೂ ಸಿಕ್ಕುವುದಿಲ್ಲ.

ನಾನು ಬೀದರ ಕಡೆಯವಳು. ಗಂಡನಿಗೆ ಕಾಶಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತೆಂದು ಅಲ್ಲಿಗೆ ಹೋದೆ. ಒಂದು ಮಿಷನ್ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಸೇರಿದೆ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಬೀದರಿನವರಿಗೆ ಹಿಂದಿ ತ್ರಾಸಲ್ಲ, ಭೋಜಪುರಿಗೆ ಮಾತ್ರ ಆರು ತಿಂಗಳು ಹಿಡಿಯಿತು. ಶಿವಾಲ, ಹನುಮಾನ್ ಘಾಟ್ ಕಡೆಯಿಂದ ಕನ್ನಡದ ಮುದುಕಿಯರು ಯಾರಾದರೂ ಬಂದರೆ ಯಾವ ವಾರ್ಡಿನವರಾದರೂ ನನಗೇ ಹೇಳಿ ಕಳಿಸುತ್ತಿದ್ದರು.

ಆ ಬೇಸಿಗೆಯಲ್ಲಿ ನಮ್ಮ ಆರನೇ ಮಂಚದಲ್ಲಿದ್ದ ನೀಲವ್ವ ಅಂಥವಳು. ವಿಜಾಪುರದ ಹಳ್ಳಿಯಿಂದ ಬಂದು, ನಮ್ಮ ಕಡೆಯ ಮಠವೊಂದರ ಕೋಣೆಯಲ್ಲಿ ಕೊನೆಗಾಲ ಕಳೆಯುತ್ತಿದ್ದ ಲಿಂಗವಂತ ವಿಧವೆ. ಘಾಟಿನ ಮೆಟ್ಟಿಲ ಮೇಲೆ ಜಾರಿ ತೊಡೆ ಮುರಿದಿತ್ತು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದೆವು. ಬಂದ ದಿನವೇ ನನ್ನನ್ನು ಕೇಳಿದ್ದಳು:

"ತಂಗೀ, ನಿಮ್ಮ ದವಾಖಾನ್ಯಾಗ ಸತ್ತರ ಕಾಶ್ಯಾಗ ಸತ್ತಂಗ ಲೆಕ್ಕ ಹೌದಲ್ಲೋ?"

"ಕಾಂಪೌಂಡ್ ಕಾಶಿ ಒಳಗ ಅದ ಬಿಡು ಅವ್ವಾ. ಆದರ ತೊಡಿ ಮುರಿದದ್ದಕ್ಕ ಯಾರೂ ಸಾಯೂದಿಲ್ಲ."

"ಅಷ್ಟು ದೂರದಿಂದ ಬಂದಾಕಿಗೆ ಇದೊಂದು ಹೇಳಿಬಿಟ್ಟಿ ನೋಡು," ಎಂದು ಮುಖ ಗಂಟು ಹಾಕಿದ್ದಳು.

ಅವಳ ಮೈ ಒರೆಸುವುದು, ತಲೆ ಬಾಚುವುದು ಎಲ್ಲ ಫೂಲ್ಮತಿ ದೀದಿಯ ಪಾಲು. ಇವಳಿಗೆ ಕನ್ನಡ ಬಾರದು, ಅವಳಿಗೆ ಹಿಂದಿ ಬಾರದು; ಇಬ್ಬರೂ ತಮ್ಮ ತಮ್ಮ ಮಾತಿನಲ್ಲಿ ದಿನವಿಡೀ ಜಗಳ ಆಡುತ್ತಿದ್ದರು, ಒಬ್ಬರನ್ನು ಬಿಟ್ಟು ಒಬ್ಬರಿಗೆ ಆಗುತ್ತಿರಲಿಲ್ಲ. ಫೂಲ್ಮತಿಗೆ ಆಗ ನಲವತ್ತೈದರ ಮೇಲೆ. ವಾರ್ಡಿನಲ್ಲಿ ನನಗಿಂತ ಹಳಬಳು, ಕೈ ತೊಳೆಯದ ಡಾಕ್ಟರಿಗೂ ಅಂಜದೆ ಬಕೆಟ್ಟು ತಂದು ಮುಂದೆ ಇಡುವವಳು. ಅಕ್ಷರ ಬಾರದ್ದರಿಂದ ಅವಳ ಮಾತ್ರೆಯ ಡಬ್ಬಿ ನನ್ನ ಹತ್ತಿರ ಇರುತ್ತಿತ್ತು.

ನಾವಿಬ್ಬರೂ ಒಂದೇ ಪ್ರಾರ್ಥನಾ ಕೂಟದವರು. ಕೂಟ ಅಂದರೆ ದೊಡ್ಡದೇನಲ್ಲ. ನಮ್ಮ ಪಾಸ್ಟರ್‌ಜೀ ದರ್ಜಿ. ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಗುರುವಾರ ಸಂಜೆ ಹದಿನೈದಿಪ್ಪತ್ತು ಮಂದಿ ಹೊಲಿಗೆ ಮಷೀನುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿ ಕೂಡುತ್ತಿದ್ದೆವು. ಅಲ್ಲಿ ಪ್ರಾರ್ಥನೆ ಏರುತ್ತ ಹೋದ ಹಾಗೆ ಕೆಲವರ ನಾಲಿಗೆ ಕಲಿತ ಭಾಷೆಯನ್ನು ಬಿಟ್ಟುಬಿಡುತ್ತಿತ್ತು. ಹಿಂದಿಯಲ್ಲದ, ಯಾರಿಗೂ ತಿಳಿಯದ ಶಬ್ದಗಳು ಒಂದರ ಹಿಂದೊಂದು ಹೊರಡುತ್ತಿದ್ದವು. ಅನ್ಯಭಾಷೆ ಅನ್ನುತ್ತೇವೆ ಅದನ್ನು. ಪವಿತ್ರಾತ್ಮನು ಕೊಡುವ ವರ, ಮನುಷ್ಯರಿಗಲ್ಲ ದೇವರಿಗೆ ಆಡುವ ಮಾತು ಎಂದು ನಮ್ಮ ನಂಬಿಕೆ. ಕೆಲವರು ನಡುಗುತ್ತಾರೆ, ಕೆಲವರಿಗೆ ಬೆವರು ಇಳಿಯುತ್ತದೆ, ಕೆಲವರು ಅಳುತ್ತಾರೆ. ನನಗೆ ಕಾಶಿಗೆ ಹೋದ ಎರಡನೇ ವರ್ಷ ಆ ವರ ಸಿಕ್ಕಿತು. ಹೇಗಿತ್ತು ಎಂದು ಕೇಳಿದರೆ ಇವತ್ತಿಗೂ ಹೇಳಲು ಬರುವುದಿಲ್ಲ. ಬಹಳ ದಿನ ಕಟ್ಟಿಕೊಂಡಿದ್ದ ಎದೆ ಬಿಟ್ಟ ಹಾಗೆ ಆಯಿತು, ಅಷ್ಟೇ.

ಫೂಲ್ಮತಿಗೆ ಮಾತ್ರ ಸಿಕ್ಕಿರಲಿಲ್ಲ. ಕೂಟ ಶುರುವಾದ ದಿನದಿಂದ ಇದ್ದವಳು, ಚಾಪೆ ಹಾಸುವವಳೂ ಸುತ್ತುವವಳೂ ಅವಳೇ. ಅವಳ ಪಕ್ಕದಲ್ಲಿ ಕೂತವರಿಗೆಲ್ಲ ಬಂತು. ನಗುತ್ತಲೇ ನನ್ನನ್ನು ಚುಚ್ಚುತ್ತಿದ್ದಳು: "ಸಿಸ್ಟರ್‌ಜೀ, ರೇಷನ್ ಅಂಗಡಿಯ ಸಾಲಿನಲ್ಲಿ ನಾನು ಮುಂದೆ ನಿಂತಿದ್ದೆ. ನೀವು ದಕ್ಷಿಣದಿಂದ ರೈಲಿಳಿದು ಬಂದವರು ನಡುವೆ ನುಗ್ಗಿದಿರಿ." ಚಾಪೆ ಸುತ್ತುವಾಗ ಒಮ್ಮೊಮ್ಮೆ ಅವಳ ಕಣ್ಣು ಒದ್ದೆ ಇರುತ್ತಿದ್ದವು. ತನ್ನಲ್ಲೇ ಏನೋ ಕೊಳೆ ಇದೆ, ಅದಕ್ಕೇ ದೇವರು ತನ್ನ ಬಾಯಿ ತೆರೆಸುತ್ತಿಲ್ಲ ಎಂದು ಅವಳು ನಂಬಿದ್ದಳು.

ಇದಕ್ಕೂ ಮೊದಲಿನ ಚಳಿಗಾಲದ ಒಂದು ಕೇಸು ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ ತಪ್ಪು ನಿಮಗೆ ಬರೀ ದಡ್ಡತನ ಅನ್ನಿಸೀತು. ಆಪರೇಷನ್ ಆದ ಒಬ್ಬ ಟೀಚರಮ್ಮ ನಮ್ಮ ವಾರ್ಡಿನಲ್ಲಿದ್ದರು, ನಮ್ಮ ಹಾಗೆಯೇ ವಿಶ್ವಾಸಿ. ನಸುಕಿನಲ್ಲಿ ಎದ್ದು ಕೂತು ಕಣ್ಣು ಮುಚ್ಚಿ ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದರು. ಹೊಸದಾಗಿ ಬಂದ ಸಣ್ಣ ಡಾಕ್ಟರು ಅದನ್ನು ಕೇಳಿ, ಸನ್ನಿ ಹಿಡಿದಿದೆ ಎಂದು ಮತ್ತಿನ ಇಂಜೆಕ್ಷನ್ ಬರೆದರು. ನನಗೆ ಗೊತ್ತಿತ್ತು. ಹೇಳಿದರೆ "ನೀನೂ ಅವರ ಪೈಕಿಯೇ?" ಎಂದು ನಗುತ್ತಾರೆಂದು ಅಂಜಿ, ಬಾಯಿ ಮುಚ್ಚಿ ಸೂಜಿ ಚುಚ್ಚಿದೆ. ಆ ತಾಯಿ ಇಡೀ ದಿನ ಎಚ್ಚರವಿಲ್ಲದೆ ಬಿದ್ದಿದ್ದರು. ಎದ್ದ ಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ಸಿಸ್ಟರ್, ನಿಮಗೆ ತಿಳಿದಿತ್ತಲ್ಲವೇ?"

ನಮ್ಮ ಮೇಟ್ರನ್ ಮೇಡಂ ಹಳೆಯ ಚರ್ಚಿನವರು. ಶಾಂತವಾಗಿ ಪುಸ್ತಕ ನೋಡಿ ಪ್ರಾರ್ಥನೆ ಮಾಡುವವರಿಗೆ ನಮ್ಮ ಕೂಟದ ಗದ್ದಲ ಹಿಡಿಸುತ್ತಿರಲಿಲ್ಲ. ಆದರೂ ಟೀಚರಮ್ಮನ ವಿಷಯ ಕಿವಿಗೆ ಬಿದ್ದಾಗ ಅವರು ಸಣ್ಣ ಡಾಕ್ಟರನ್ನು ಬೈಯಲಿಲ್ಲ, ನನ್ನನ್ನು ಕರೆದರು. "ನೀನು ಯಾವ ದೇವರನ್ನು ಹೇಗೆ ಕರೆಯುತ್ತೀ ಅನ್ನುವುದು ನನಗೆ ಬೇಡ. ರೋಗಿಯ ಬಗ್ಗೆ ಗೊತ್ತಿದ್ದದ್ದನ್ನು ಹೇಳದೆ ಬಿಟ್ಟೆಯಲ್ಲ, ಅದಕ್ಕೆ ನನಗೆ ಉತ್ತರ ಬೇಕು," ಎಂದರು. ಆವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ: ಇನ್ನು ಮುಂದೆ ಪ್ರಾರ್ಥಿಸುವವರ ಮೈಮೇಲೆ ಡಾಕ್ಟರು ಕೈ ಹಾಕಲು ಬಿಡುವುದಿಲ್ಲ.

ಬೇಸಿಗೆಯಲ್ಲಿ ಪಾಸ್ಟರ್‌ಜೀ ಮೂರು ದಿನದ ಉಪವಾಸ ಪ್ರಾರ್ಥನೆ ಕರೆದರು. ಬರೀ ನೀರು. ವರಕ್ಕಾಗಿ ಕಾದಿರುವವರು ವಿಶೇಷವಾಗಿ ಮಾಡಲಿ ಎಂದರು. ಎಲ್ಲರೂ ಫೂಲ್ಮತಿಯ ಕಡೆ ನೋಡಿದರು. ಪಾಸ್ಟರ್‌ಜೀ ಒಳ್ಳೆಯ ಮನುಷ್ಯ. ಉಪವಾಸದ ಹೆಸರಿನಲ್ಲಿ ಔಷಧಿ ಬಿಟ್ಟು ಬೇರೆ ಕಡೆ ಯಾರೋ ಕಷ್ಟಕ್ಕೆ ಬಿದ್ದರೆಂದು ಕೇಳಿದ್ದರು. "ಸಿಸ್ಟರ್, ಎಲ್ಲರಿಗೂ ನೀವೇ ಒಂದು ಮಾತು ಹೇಳಿ," ಎಂದರು. ನಾನು ಎದ್ದು ನಿಂತು, ಬಹಳ ತಿಳಿದವಳ ಹಾಗೆ ಹೇಳಿದೆ: "ಅನ್ನ ಬಿಡಿ, ಆದರೆ ಮಾತ್ರೆ ಬಿಡಬೇಡಿ. ನೀರಿನ ಜೊತೆ ನುಂಗಿ. ಅದರಿಂದ ಉಪವಾಸ ಮುರಿಯುವುದಿಲ್ಲ."

ಬಿ.ಪಿ. ಮಾತ್ರೆಗೆ ಆ ಮಾತು ನಡೆದೀತು. ಸಕ್ಕರೆ ಇಳಿಸುವ ಮಾತ್ರೆ ತಗೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಪಾತಾಳಕ್ಕೆ ಹೋಗುತ್ತದೆ. ಟ್ರೇನಿಂಗಿನಲ್ಲಿ ಓದಿ ಬರೆದು ಪಾಸಾಗಿದ್ದೆ. ಆ ಸಂಜೆ ಚಾಪೆಯ ಮೇಲೆ ನಿಂತು ಮಾತಾಡುವಾಗ ಅದು ನೆನಪಾಗಲಿಲ್ಲ. ಮುಂದೆ ಮೂರು ಬೆಳಿಗ್ಗೆಯೂ ಡಬ್ಬಿ ತೆರೆದು ನಾನೇ ಮಾತ್ರೆ ಕೊಟ್ಟೆ, ಆಗಲೂ ನೆನಪಾಗಲಿಲ್ಲ.

ಮೂರನೇ ದಿನ ಹತ್ತು ಗಂಟೆಯ ಹೊತ್ತಿಗೆ ನಾನು ಔಷಧಿಯ ಟ್ರೇ ಹಿಡಿದು ಬರುತ್ತಿದ್ದೆ. ನೀಲವ್ವನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅವಳ ಕೈ ಒರೆಸುತ್ತಿದ್ದ ಫೂಲ್ಮತಿ ಒಮ್ಮೆಲೇ ಮಾತಾಡತೊಡಗಿದಳು. ಹಿಂದಿಯಲ್ಲ, ಭೋಜಪುರಿಯಲ್ಲ. ಕಣ್ಣು ಅರ್ಧ ಮುಚ್ಚಿದ್ದವು, ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ತುಟಿ ನಡುಗುತ್ತಿತ್ತು. ಕೂಟದಲ್ಲಿ ನೂರು ಸಲ ನೋಡಿದ್ದೆನಲ್ಲ, ಹಾಗೆಯೇ.

ನನಗಾದ ಸಂತೋಷ ಏನು ಹೇಳಲಿ. ಟ್ರೇ ಕೆಳಗಿಟ್ಟೆ. ಬಟ್ಟೆಯ ಪರದೆ ಎಳೆದು ಸುತ್ತ ಮರೆ ಮಾಡಿದೆ. ಓಡಿ ಹೋಗಿ ಆಫೀಸಿನ ಫೋನಿನಿಂದ ದರ್ಜಿ ಅಂಗಡಿಯ ಪಕ್ಕದವರಿಗೆ ಹೇಳಿದೆ: "ಪಾಸ್ಟರ್‌ಜೀಗೆ ತಿಳಿಸಿ, ಫೂಲ್ಮತಿಗೆ ವರ ಬಂತು." ತಿರುಗಿ ಬಂದು ನೆಲದ ಮೇಲೆ ಮೊಣಕಾಲೂರಿ ಕೂತು, ಅವಳ ಜೊತೆ ನಾನೂ ಪ್ರಾರ್ಥಿಸಿದೆ. ಒಬ್ಬ ಕಿರಿಯ ನರ್ಸ್ ಪರದೆ ಸರಿಸಿ, "ದೀದಿ, ಏನಾದರೂ ಆಗಿದೆಯಾ? ಡಾಕ್ಟರನ್ನು ಕರೀಲಾ?" ಎಂದಳು. "ಬೇಡ, ನೀನು ಹೋಗು," ಎಂದೆ. ಟೀಚರಮ್ಮನಿಗೆ ಆದದ್ದು ಇವಳಿಗೆ ಆಗಬಾರದು ಅನ್ನುವುದೊಂದೇ ತಲೆಯಲ್ಲಿ.

ಪರದೆಯ ಒಳಗೆ ಇದ್ದ ಮೂರನೆಯವಳು ನೀಲವ್ವ. ಕಾಲಿಗೆ ತೂಕ ಕಟ್ಟಿತ್ತು, ಎಲ್ಲಿಗೆ ಹೋದಾಳು? ಅರ್ಧ ಗಂಟೆಯ ಮೇಲೆ ಇದನ್ನೆಲ್ಲ ನೋಡುತ್ತಲೇ ಇದ್ದಳು. ಆಮೇಲೆ ಕರೆದಳು.

"ತಂಗೀ."

"ಸುಮ್ಮನಿರವ್ವಾ, ಪ್ರಾರ್ಥನಿ ನಡದದ."

"ನಡೀಲಿ, ನಿಮ್ಮ ದೇವರ ನಡುವ ನಾ ಯಾಕ ಬರಲಿ. ಇಕಿ ಕೈ ನನ್ನ ಕೈಯಾಗ ಅದ. ಇಂಥಾ ಬಿಸಲಾಗ ಐಸಿನಂಗ ತಣ್ಣಗ ಆಗ್ಯದ. ಆವಾಗ ಹಿಡಿದಿದ್ದಳು, ಈಗ ಬೆರಳು ಬಿಟ್ಟಾಳ."

ನಾನು ಕಣ್ಣು ತೆರೆದೆ.

"ಬಾಯಿಯಿಂದ ಜೊಲ್ಲು ಇಳೀಲಿಕ್ಕತ್ಯದ ನೋಡು," ಎಂದಳು ನೀಲವ್ವ. "ನಿಮ್ಮ ದೇವರು ಬಂದಾಗ ಹಿಂಗೂ ಆಕ್ಕದೇನು? ಆಗತಿದ್ದರ ಹೇಳು, ನಾ ಸುಮ್ಮಕ ಆಗ್ತೀನಿ."

ಆಗುವುದಿಲ್ಲ. ಕೂಟದಲ್ಲಿ ಯಾರಿಗೂ ಹಾಗೆ ಆದದ್ದನ್ನು ನಾನು ನೋಡಿರಲಿಲ್ಲ. ನಮ್ಮಲ್ಲಿ ಅನ್ಯಭಾಷೆ ಆಡುವವರು ಪಾಸ್ಟರ್‌ಜೀ ಸಾಕು ಅಂದರೆ ನಿಲ್ಲಿಸುತ್ತಾರೆ, ಹೆಸರು ಹಿಡಿದು ಕರೆದರೆ ಕಣ್ಣು ತೆರೆದು ಏನು ಅನ್ನುತ್ತಾರೆ. ಮೈಮೇಲೆ ಎಚ್ಚರ ಇರುತ್ತದೆ. ನಾನು ಅವಳ ಭುಜ ಹಿಡಿದು ಅಲುಗಿಸಿದೆ. "ಫೂಲ್ಮತಿ! ದೀದಿ! ನನ್ನ ಕಡೆ ನೋಡು!" ನೋಡಲಿಲ್ಲ. ಮಾತು ಗೊಣಗಾಗಿ, ಗೊಣಗು ನಿಂತು, ಸ್ಟೂಲಿನಿಂದ ನನ್ನ ಮೇಲೆ ವಾಲಿದಳು.

ಮೇಟ್ರನ್ ಮೇಡಂ ಬಂದದ್ದು ನನ್ನ ಕೂಗಿಗೆ. ದೊಡ್ಡ ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಮೇಡಂ ಫೂಲ್ಮತಿಯ ಹಣೆ ಮುಟ್ಟಿದರು, ಕಣ್ಣರೆಪ್ಪೆ ಎತ್ತಿ ನೋಡಿದರು.

"ಊಟ ಮಾಡಿದ್ದಳಾ?"

"ಮೂರು ದಿನದಿಂದ ಇಲ್ಲ ಮೇಡಂ."

"ಮಾತ್ರೆ?"

"ಕೊಟ್ಟೆ."

ಅವರು ನನ್ನ ಮುಖ ನೋಡಲಿಲ್ಲ, ಅದೊಂದು ಉಪಕಾರ. "ರಕ್ತ ತೆಗೆದಿಡು. ಇಪ್ಪತ್ತೈದು ಪರ್ಸೆಂಟ್ ಗ್ಲೂಕೋಸಿನ ಆಂಪೂಲ್ ಒಡೆ. ಡಾಕ್ಟರ ಸಹಿ ಆಮೇಲೆ ಹಾಕಿಸಿಕೊಳ್ಳೋಣ," ಎಂದರು. ಆಗ ಬೆರಳಿಗೆ ಚುಚ್ಚಿ ಕೂಡಲೇ ಸಕ್ಕರೆ ನೋಡುವ ಮಷೀನು ನಮ್ಮಲ್ಲಿರಲಿಲ್ಲ. ಲ್ಯಾಬಿಗೆ ಹೋದ ರಕ್ತದ ಉತ್ತರ ಬರಲು ಗಂಟೆ ಬೇಕು. ಬೆಳಿಗ್ಗೆ ನಾನು ಕಾಯಿಸುತ್ತಿದ್ದ ನೀಲಿ ದ್ರಾವಣ ಸಕ್ಕರೆ ಹೆಚ್ಚಾದದ್ದನ್ನು ತೋರಿಸುತ್ತಿತ್ತೇ ಹೊರತು ಇಳಿದದ್ದನ್ನು ತೋರಿಸುತ್ತಿರಲಿಲ್ಲ. ಅದಕ್ಕೇ ಸಂಶಯ ಬಂದರೆ ಮೊದಲು ಗ್ಲೂಕೋಸ್ ಕೊಡು ಅನ್ನುವುದು ನಮ್ಮ ಕಾಲದ ರೂಢಿ. ನನ್ನ ಕೈಯಿಂದ ಒಂದು ಆಂಪೂಲ್ ಜಾರಿ ನೆಲಕ್ಕೆ ಬಿತ್ತು. ಮೇಡಂ ಸಿರಿಂಜು ಕಿತ್ತುಕೊಂಡು ತಾವೇ ನರ ಹುಡುಕಿದರು. ಅವಳ ನರಗಳು ಒಣಗಿ ದಾರದ ಹಾಗೆ ಆಗಿದ್ದವು. ಎರಡು ಸಲ ತಪ್ಪಿತು. ಮೂರನೇ ಸಲ ರಕ್ತ ಬಂತು.

ಒಂದು ಆಂಪೂಲ್ ಹೋಯಿತು, ಏನೂ ಇಲ್ಲ. ಎರಡನೆಯದೂ ಹೋಯಿತು. ಮೂರನೆಯದಕ್ಕೂ ಅವಳು ಅಲುಗಲಿಲ್ಲ. ಪಕ್ಕದಲ್ಲಿ ನೀಲವ್ವ ಕುತ್ತಿಗೆಯ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಶಿವ ಶಿವ ಅನ್ನುತ್ತಿದ್ದಳು. ನನಗೆ ಪ್ರಾರ್ಥನೆ ಬರಲಿಲ್ಲ, ಯಾವ ಭಾಷೆಯಲ್ಲೂ. ನಾಲ್ಕನೆಯದು ಅರ್ಧ ಹೋಗಿರಬೇಕು, ಫೂಲ್ಮತಿ ಹುಬ್ಬು ಗಂಟಿಕ್ಕಿದಳು. ಕೈ ಎಳೆದುಕೊಳ್ಳಲು ನೋಡಿದಳು. ಆಮೇಲೆ ಭೋಜಪುರಿಯಲ್ಲಿ, ಸ್ಪಷ್ಟವಾಗಿ, "ಯಾರದು ಚುಚ್ಚುವುದು?" ಎಂದಳು.

ಮೇಡಂ ಸೂಜಿಯನ್ನು ಪ್ಲಾಸ್ಟರಿನಿಂದ ಭದ್ರ ಮಾಡಿ ಡ್ರಿಪ್ ಹಾಕಿಸಿದರು. ನಂತರ ನನ್ನನ್ನು ಮೇಜಿಗೆ ಕರೆದರು.

"ಎಷ್ಟು ಹೊತ್ತಿಗೆ ಶುರುವಾಯಿತು?"

ಈಗಷ್ಟೇ ಅನ್ನಬಹುದಿತ್ತು. ಇಣುಕಿ ಹೋದ ಕಿರಿಯ ನರ್ಸ್ ನನ್ನೆದುರು ಬಾಯಿ ಬಿಡುತ್ತಿರಲಿಲ್ಲ; ಪೂರ್ತಿ ನೋಡಿದವಳು ನೀಲವ್ವ ಒಬ್ಬಳೇ. ಅವಳ ಭಾಷೆ ಆ ವಾರ್ಡಿನಲ್ಲಿ ನನ್ನ ಹೊರತು ಯಾರಿಗೂ ತಿಳಿಯದು.

"ಹತ್ತಕ್ಕೆ ಮೇಡಂ. ಹತ್ತೂ ನಲವತ್ತೈದಕ್ಕೆ ನಿಮ್ಮನ್ನು ಕರೆದೆ."

"ನಡುವೆ?"

"ಪ್ರಾರ್ಥನೆ ಮಾಡಿದೆ. ವರ ಅಂದುಕೊಂಡೆ."

ಅವರು ವಾರ್ಡಿನ ವರದಿ ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. "ಪುಸ್ತಕದಲ್ಲಿ ಎರಡೂ ಸಮಯ ಬರಿ. ಏನು ಕೇಳಿದೆ ಬರಿ, ಏನು ಕಂಡೆ ಬರಿ. ಏನು ಅಂದುಕೊಂಡೆ ಅನ್ನುವುದನ್ನು ಕೊನೆಗೆ ಬರಿ," ಎಂದರು. ಬರೆದೆ. ಮುಂದೆ ಅವರು ಇಡೀ ಆಸ್ಪತ್ರೆಗೆ ಅದನ್ನೇ ಕ್ರಮ ಮಾಡಿದರು. ಬಡಬಡಿಕೆ, ಸನ್ನಿ, ದೇವರು ಬಂತು, ದೆವ್ವ ಹಿಡಿಯಿತು, ಯಾವುದನ್ನೂ ಬರೆಯುವ ಮೊದಲು ಹೆಸರು ಕೇಳಿ ಉತ್ತರ ಬರೆಯಬೇಕು, ಕೈ ಮುಟ್ಟಿ ಬಿಸಿಯೋ ತಣ್ಣಗೋ ಬರೆಯಬೇಕು. ಹುಡುಗಿಯರೇ, ನಿಮ್ಮ ಮಷೀನು ಐದು ಸೆಕೆಂಡಿನಲ್ಲಿ ಅಂಕಿ ಹೇಳುತ್ತದೆ, ಒಳ್ಳೆಯದು. ಆದರೆ ಆವತ್ತು ಅದು ನನ್ನ ಜೇಬಿನಲ್ಲಿದ್ದರೂ ನಾನು ಹೊರಗೆ ತೆಗೆಯುತ್ತಿರಲಿಲ್ಲ. ನನಗೆ ಸಂಶಯವೇ ಬಂದಿರಲಿಲ್ಲವಲ್ಲ.

ಡಾಕ್ಟರು ಬಂದು ನೋಡಿ, ಆ ಮಾತ್ರೆಯ ಪ್ರಭಾವ ಒಂದು ದಿನ ಇರುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು, ಆಗಾಗ ಎಬ್ಬಿಸಿ ಮಾತಾಡಿಸಿ ಎಂದರು. ನನ್ನ ಪಾಳಿ ಎರಡಕ್ಕೆ ಮುಗಿಯಿತು. ಮನೆಗೆ ಹೇಳಿ ಕಳಿಸಿ ಅಲ್ಲೇ ಉಳಿದೆ. ಫೂಲ್ಮತಿಯನ್ನು ಏಳನೇ ಮಂಚದಲ್ಲಿ ಮಲಗಿಸಿದ್ದೆವು, ನೀಲವ್ವನ ಪಕ್ಕವೇ.

ಮಧ್ಯಾಹ್ನ ಇಳಿದ ಮೇಲೆ ಅವಳಿಗೆ ಪೂರ್ತಿ ತಿಳಿವು ಬಂತು. ನನ್ನ ಸೆರಗು ಎಳೆದಳು.

"ಸಿಸ್ಟರ್‌ಜೀ, ನಾನು ಮಾತಾಡಿದೆನಂತೆ?"

ಯಾರು ಹೇಳಿದರೋ. ಅವಳ ಮುಖ ನಾನು ಮರೆಯುವ ಹಾಗಿಲ್ಲ. ಮದುವೆ ಮನೆಯ ಹುಡುಗಿಯ ಹಾಗೆ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಪಾಸ್ಟರ್‌ಜೀ, ಅವರ ಹೆಂಡತಿ ಬಂದೇಬಿಟ್ಟರು. ಫೋನಿನ ಸುದ್ದಿ ಮುಟ್ಟಿತ್ತು. ಕೈಯಲ್ಲಿ ಗೊಂಡೆ ಹೂವಿನ ಮಾಲೆ, ಸ್ಟೀಲಿನ ಡಬ್ಬಿ. "ಜೈ ಮಸೀಹ್ ಕೀ, ಬೆಹನ್! ಕರ್ತನು ಕೇಳಿದ! ಈ ಗುರುವಾರ ಕೂಟದಲ್ಲಿ ನೀನೇ ಎದ್ದು ಸಾಕ್ಷಿ ಹೇಳಬೇಕು!" ಡ್ರಿಪ್ಪಿನ ಬಾಟಲಿ ಕಂಡ ಮೇಲೆ ಅವರ ದನಿ ತಗ್ಗಿತು.

ಫೂಲ್ಮತಿ ನನ್ನನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ಚಾಪೆ ಸುತ್ತಿದವಳಿಗೆ ಇದೊಂದು ಸಂತೋಷ ಬಿಟ್ಟುಬಿಡಲೇ ಅಂತ ಒಂದು ಗಳಿಗೆ ಅನ್ನಿಸಿತು. ಬಿಟ್ಟಿದ್ದರೆ ಮುಂದಿನ ಉಪವಾಸಕ್ಕೂ ಅವಳು ಮಾತ್ರೆ ನುಂಗಿ ಕೂಡುತ್ತಿದ್ದಳು, ನೋಡಿದ ಉಳಿದವರೂ ಕೂಡುತ್ತಿದ್ದರು.

"ಅದು ವರ ಅಲ್ಲ ದೀದಿ," ಎಂದೆ. "ನಿನ್ನ ರಕ್ತದ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತಿತ್ತು. ಪಾಸ್ಟರ್‌ಜೀ, ಊಟ ಬಿಟ್ಟು ಮಾತ್ರೆ ನುಂಗಿ ಎಂದು ಚಾಪೆಯ ಮೇಲೆ ನಿಂತು ಹೇಳಿದವಳು ನಾನು. ಮೂರು ದಿನ ಕೊಟ್ಟವಳೂ ನಾನು. ಅವಳು ಸಾಯುವುದರಲ್ಲಿದ್ದಾಗ ಮೊಣಕಾಲೂರಿ ಸ್ತೋತ್ರ ಹೇಳಿದವಳೂ ನಾನೇ."

ಪಾಸ್ಟರ್‌ಜೀ ಮಾಲೆಯನ್ನು ಎಲ್ಲಿಡಬೇಕು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು. ಆಮೇಲೆ ಹೇಳಿದರು: "ಉಪವಾಸ ಕರೆದವನು ನಾನು, ಸಿಸ್ಟರ್. ಗುರುವಾರ ಇಬ್ಬರೂ ಎದ್ದು ನಿಂತು ಹೇಳೋಣ. ಸಕ್ಕರೆ ಕಾಯಿಲೆಯವರು ಯಾರ್ಯಾರಿದ್ದಾರೆ, ಇವತ್ತೇ ಮನೆಮನೆಗೆ ಹೋಗಿ ತಿಳಿಸುತ್ತೇನೆ." ಹೆಂಡತಿಯನ್ನು ಅಲ್ಲೇ ಬಿಟ್ಟು ಸೈಕಲ್ ಹತ್ತಿ ಹೋದರು.

ಫೂಲ್ಮತಿ ಗೋಡೆಯ ಕಡೆ ತಿರುಗಿ ಅತ್ತಳು. ನಾನು ಅವಳ ಬೆನ್ನು ಮುಟ್ಟಲು ಅಂಜಿದೆ. ನೀಲವ್ವ ಆ ಕಡೆಯಿಂದ ಕೇಳಿದಳು, "ಏನಂತ? ಯಾಕ ಅಳತಾಳ?"

"ದೇವರು ತನ್ನ ಬಾಯಾಗ ಬರಲಿಲ್ಲ ಅಂತ ಅವ್ವಾ."

"ಅಯ್ಯ ಹುಚ್ಚಿ. ನನ್ನ ಕೊಳಿ ದಿನಾ ತೊಳೀತಾಳ, ಆ ಕೈಯಾಗ ಬಂದಾನಲ್ಲೋ, ಬಾಯಾಗೂ ಬರಬೇಕೇನು? ಹೇಳಾಕಿಗೆ."

ಹಿಂದಿಯಲ್ಲಿ ಹೇಳಿದೆ. ಮೂಗು ಒರೆಸಿಕೊಂಡ ಮೇಲೆ ಗೋಡೆಯ ಕಡೆಯಿಂದಲೇ ದನಿ ಬಂತು: "ಮುದುಕಿಗೆ ಹೇಳಿ, ನಾಳೆ ತಲೆ ಬಾಚುವಾಗ ಕೂದಲು ಜಗ್ಗಿತು ಅಂತ ಕಿರುಚಬಾರದು."

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮಿದುಳಿಗೆ ಅಷ್ಟು ಹೊತ್ತು ಸಕ್ಕರೆ ಸಿಗದ್ದಕ್ಕೆ ಫೂಲ್ಮತಿಯ ಬಲಗೈಯ ಎರಡು ಬೆರಳು ಮಾತ್ರ ಆಮೇಲೆ ಸರಿಯಾಗಿ ಮಡಚಲಿಲ್ಲ. ಬಟ್ಟೆ ಹಿಂಡುವಾಗ ತೊಡಕಾಗುತ್ತಿತ್ತು. ಅದನ್ನು ನಾನು ದಿನವೂ ನೋಡುತ್ತ ಕೆಲಸ ಮಾಡಿದೆ. ಕೂಟಕ್ಕೆ ಇಬ್ಬರೂ ಹೋಗುತ್ತಿದ್ದೆವು. ನನ್ನ ನಾಲಿಗೆಗೆ ಅನ್ಯಭಾಷೆ ತಿರುಗಿ ಬರಲು ಒಂದು ವರ್ಷದ ಮೇಲಾಯಿತು. ಬಂದಾಗ ಕಣ್ಣು ಮುಚ್ಚಲಿಲ್ಲ. ಈಗಲೂ ಮುಚ್ಚುವುದಿಲ್ಲ.

ಆವತ್ತಿನ ಸಂಜೆಗೆ ಬಂದರೆ, ಪಾಸ್ಟರ್‌ಜೀಯ ಹೆಂಡತಿ ಡಬ್ಬಿ ತೆರೆದರು: ಸಬ್ಬಕ್ಕಿ ಪಾಯಸ, ಗಟ್ಟಿಯಾಗಿ ಮೇಲೆ ಕೆನೆ ಕಟ್ಟಿತ್ತು. ಡಾಕ್ಟರು ಒಪ್ಪಿದ್ದರಿಂದ ಫೂಲ್ಮತಿಗೆ ಚಮಚದಲ್ಲಿ ನಾನೇ ತಿನ್ನಿಸಿದೆ, ಒಂದು ಬಟ್ಟಲು ಪೂರಾ. ಮೇಲೆ ಆಸ್ಪತ್ರೆಯ ಎರಡು ಬ್ರೆಡ್ಡು, ಹಾಲು. ನೀಲವ್ವ ಮಠದ ಡಬ್ಬಿಯ ಅನ್ನ ಸಾರು ಉಂಡಳು, ಅರ್ಧ ಬಿಟ್ಟಳು. ನಾನು ಉಳಿದ ಪಾಯಸವನ್ನು ಡಬ್ಬಿಯಲ್ಲೇ ಬಳಿದು ತಿಂದೆ. ಮೊದಲು ನಿದ್ದೆ ಹೋದವಳು ಫೂಲ್ಮತಿ. ಅರ್ಧ ಗಂಟೆಗೆ ಅವಳ ತುಟಿ ಅಲುಗಿದ ಹಾಗೆ ಕಂಡಿತು. ಕೈ ಮುಟ್ಟಿದೆ, ಬೆಚ್ಚಗಿತ್ತು, ಆದರೂ ಭುಜ ಹಿಡಿದು ಎಬ್ಬಿಸಿ ಹೆಸರು ಕೇಳಿದೆ. "ಫೂಲ್ಮತಿ. ಮಲಗಲು ಬಿಡಿ," ಎಂದು ಬೈದು ಮಗ್ಗುಲಾದಳು.